ದೆವ್ವದ ಚಿತ್ರಕ್ಕೂ ಒಂದು ಹೊತ್ತು ಬೇಕು!

ಗೆಳೆಯರೇ, ಈ ವಾರ ಮೊದಲು ಒಂದು ತಪ್ಪೊಪ್ಪಿಗೆ.

ಕಳೆದ ತಿಂಗಳು ನಮ್ಮ ರೂಮಿನಲ್ಲಿ ಆರು ಜನ ಸೇರಿದ್ದೆವು. ಶನಿವಾರ ರಾತ್ರಿ, ಹೊರಗೆ ಜಡಿಮಳೆ, ಒಳಗೆ ಮಂಡಕ್ಕಿ, ಮಿರ್ಚಿ. “ಇವತ್ತು ದೆವ್ವದ ಪಿಕ್ಚರೇ ಆಗ್ಬೇಕು” ಅಂತ ತೀರ್ಮಾನವಾಯಿತು. ಯಾವುದು ಎಂದು ಯಾರೂ ಯೋಚಿಸಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಾಕಿದೆವು. ಹತ್ತು ನಿಮಿಷಕ್ಕೊಂದು ಕೊಲೆ, ಕಿವಿ ಕಿತ್ತುಹೋಗುವ ಸದ್ದು! ಅರ್ಧ ಗಂಟೆಯಲ್ಲಿ ಅದು ನಮಗೆ ಹಾಸ್ಯಚಿತ್ರವಾಗಿಬಿಟ್ಟಿತು. ಗೋಡೆಗೊರಗಿ ಕೂತಿದ್ದ ಒಬ್ಬ ಮಾತ್ರ ದಿಂಬು ಅವುಚಿಕೊಂಡು ಬೆವರುತ್ತಿದ್ದ. “ಇದಕ್ಕೆಲ್ಲ ಹೆದರ್ತೀಯೇನೋ? ಗಂಡಸಾ ನೀನು?” ಎಂದು ಒಬ್ಬ ಛೇಡಿಸಿದ. ಎಲ್ಲರೂ ನಕ್ಕರು. ಅವನು ತುಟಿ ಬಿಚ್ಚದೆ ಚಪ್ಪಲಿ ಮೆಟ್ಟಿಕೊಂಡು ಮಳೆಯಲ್ಲೇ ಹೊರಟುಹೋದ.

ಛೇಡಿಸಿದವನು ಬೇರೆ ಯಾರೂ ಅಲ್ಲ. ಈ ಅಂಕಣ ಬರೆಯುವ ನಾನೇ!

ಆಮೇಲೆ ಯೋಚಿಸಿದೆ. ಆ ರಾತ್ರಿ ಚಿತ್ರವನ್ನು ಸರಿಯಾಗಿ ನೋಡಿದವನು ಅವನೊಬ್ಬನೇ. ಹೆದರುವುದಕ್ಕೆಂದೇ ಕೂತು “ನನಗೇನೂ ಆಗ್ಲಿಲ್ಲ ಬಿಡು” ಅಂತ ಎದೆ ತಟ್ಟಿಕೊಳ್ಳುವುದು, ಎಲೆ ಮುಂದೆ ಕೂತು ಹಸಿವಿಲ್ಲ ಅಂದ ಹಾಗೆ. ಗೆಳೆಯರ ಗುಂಪಿನಲ್ಲಿ ಭಯವನ್ನು ಕೊಲ್ಲುವುದು ದೀಪವಲ್ಲ, ಜಂಬ. ಆದ್ದರಿಂದ ನಾಲ್ಕು ಜನ ಸೇರಿದಾಗ ಹುಡುಕಬೇಕಾದದ್ದು ಹೆಚ್ಚು ರಕ್ತ ಹರಿಸುವ ಚಿತ್ರವನ್ನಲ್ಲ, ಜಂಬದವನ ಬಾಯನ್ನೂ ಕಟ್ಟುವ ಚಿತ್ರವನ್ನು. ಅಂಥ ಮೂರು ಹೇಳುತ್ತೇನೆ. ಯಾವುದು ಎಷ್ಟು ಹೊತ್ತಿಗೆ ಅನ್ನುವುದನ್ನೂ ಸೇರಿಸಿ ಹೇಳುತ್ತೇನೆ.

ಸಂಜೆ ಏಳಕ್ಕೆ ನಮ್ಮದೇ ‘ನಾ ನಿನ್ನ ಬಿಡಲಾರೆ’ (1979). ಆ ಹೊತ್ತಿನಲ್ಲಿ ತಿನ್ನುವುದು, ಹರಟುವುದು ಇದ್ದೇ ಇರುತ್ತದೆ. ರಾಜನ್-ನಾಗೇಂದ್ರರ ಹಾಡುಗಳಿರುವ ಚಿತ್ರ ಅದಕ್ಕೆಲ್ಲ ಜಾಗ ಕೊಡುತ್ತದೆ. ಆದರೆ ಒಂದು ವಿಷಯ ಗಮನಿಸಿ. ನಮ್ಮ ಚಿತ್ರಗಳಲ್ಲಿ ದೆವ್ವ ಮೆಟ್ಟಿಕೊಳ್ಳುವುದು ಸಾಮಾನ್ಯವಾಗಿ ಹೆಣ್ಣಿಗೆ. ಇಲ್ಲಿ ಮೆಟ್ಟಿಕೊಳ್ಳುವುದು ಗಂಡಿಗೆ, ಅದೂ ಹೀರೋಗೆ! ಅನಂತನಾಗ್ ತಮ್ಮ ಮುದ್ದು ಮುಖವನ್ನು ದೆವ್ವಕ್ಕೆ ಒಪ್ಪಿಸಿ ಕೂತುಬಿಡುತ್ತಾರೆ. ಗಂಡನನ್ನು ಉಳಿಸಿಕೊಳ್ಳಲು ಹೋರಾಡುವವರು ಲಕ್ಷ್ಮಿ. ಇದೇ ಕಥೆ 1981ರಲ್ಲಿ ಹಿಂದಿಯಲ್ಲಿ ‘ಮಂಗಳಸೂತ್ರ’ ಆದಾಗ ಅಲ್ಲೂ ಅನಂತನಾಗರೇ ಬೇಕಾಯಿತು. “ಗಂಡಸಾ ನೀನು?” ಅನ್ನುವ ನನ್ನಂಥವರಿಗೆ ಮೊದಲ ಉತ್ತರ ಇದು.

ರಾತ್ರಿ ಹತ್ತಕ್ಕೆ ಊಟ ಮುಗಿದಿರಲಿ. ಬಾಗಿಲು ಹಾಕಿ, ಮೊಬೈಲುಗಳನ್ನೆಲ್ಲ ಒಂದು ಬುಟ್ಟಿಗೆ ತುಂಬಿ, ಹಿಚ್‌ಕಾಕ್ ಮಹಾಶಯನ ‘ಸೈಕೋ’ (1960) ಹಾಕಿ. “ಅಯ್ಯೋ, ಬ್ಲಾಕ್ ಅಂಡ್ ವೈಟಾ?” ಅಂತ ಯಾರಾದರೂ ಮುಖ ಸಿಂಡರಿಸಿದರೆ ಸುಮ್ಮನಿರಿ. 109 ನಿಮಿಷದಲ್ಲಿ ಅವನೇ ಸುಮ್ಮನಾಗುತ್ತಾನೆ. ಸ್ನಾನದ ಮನೆಯ ಆ ದೃಶ್ಯದ ಚಿತ್ರೀಕರಣಕ್ಕೆ ಒಂದು ವಾರ ಹಿಡಿಯಿತು. ಚಾಕು ಆಡುವುದು ಒಂದು ನಿಮಿಷವೂ ಇಲ್ಲ! ಅದು ಮೈಗೆ ಹೊಕ್ಕಿತು ಅಂತ ನಮಗೆ ಅನ್ನಿಸುತ್ತದೆ, ಅಷ್ಟೆ. ಹರಿಯುವ ರಕ್ತ ಚಾಕೊಲೇಟ್ ಪಾಕ. ಕಿರುಚುವುದು ಬರ್ನಾರ್ಡ್ ಹರ್ಮನ್ ಅವರ ಪಿಟೀಲುಗಳು. ಉಳಿದದ್ದನ್ನೆಲ್ಲ ತುಂಬಿಕೊಳ್ಳುವುದು ನಮ್ಮ ತಲೆಯೇ. ಚಿತ್ರ ಶುರುವಾದ ಮೇಲೆ ಯಾರನ್ನೂ ಥಿಯೇಟರ್ ಒಳಗೆ ಬಿಡಬಾರದು ಎಂದು ಹಿಚ್‌ಕಾಕ್ ಕಟ್ಟಪ್ಪಣೆ ಮಾಡಿದ್ದ. ನಿಮ್ಮ ರೂಮಿಗೂ ಅದೇ ಕಾನೂನು ಇರಲಿ. ತಡವಾಗಿ ಬಂದವನು ಹೊರಗೆ! ಮೊದಲೇ ನೋಡಿದವನಿದ್ದರೆ ಬಾಯಿಗೆ ಬೀಗ. ಕೊನೆ ಹೇಳಿಬಿಡುವವನು ದೆವ್ವಕ್ಕಿಂತ ಕೆಟ್ಟವನು.

ನಡುರಾತ್ರಿ ಹನ್ನೆರಡಕ್ಕೆ ಕೊನೆಯ ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968). ಅಮೆರಿಕದ ಪಿಟ್ಸ್‌ಬರ್ಗ್ ಕಡೆಯ ಜಾರ್ಜ್ ರೊಮೆರೊ ಎಂಬ ಯುವಕ ಗೆಳೆಯರನ್ನು ಕಟ್ಟಿಕೊಂಡು, ಸುಮಾರು 1,14,000 ಡಾಲರಿನಲ್ಲಿ ತೆಗೆದದ್ದು. ಹಾಲಿವುಡ್ಡಿನ ಲೆಕ್ಕದಲ್ಲಿ ಪುಡಿಗಾಸು. ಇಲ್ಲೂ ರಕ್ತ ಚಾಕೊಲೇಟ್ ಪಾಕವೇ! ಬಿಡುಗಡೆಗೆ ಮುಂಚೆ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಪಾಪ, ಅಮೆರಿಕದಲ್ಲಿ ಚಿತ್ರ ಯಾರ ಸ್ವತ್ತೂ ಅಲ್ಲದೆ ಊರಿನ ಸ್ವತ್ತಾಯಿತು.

ಇದನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣವಿದೆ. ಎದ್ದು ಬಂದ ಹೆಣಗಳು ಒಂದು ಒಂಟಿ ಮನೆಯನ್ನು ಸುತ್ತುವರಿಯುತ್ತವೆ. ಒಳಗೆ ಕೆಲವೇ ಜನ. ಆ ಹೊತ್ತಿಗೆ ನೀವೂ ಬಾಗಿಲು ಹಾಕಿದ ಮನೆಯಲ್ಲೇ ಕೂತಿರುತ್ತೀರಿ. ಹೊರಗೆ ನಾಯಿ ಬೊಗಳಿದರೂ ಕಿವಿ ನಿಮಿರುತ್ತದೆ! ಆದರೆ ನಿಜವಾಗಿ ಎದೆ ನಡುಗಿಸುವುದು ಹೊರಗಿನ ಹೆಣಗಳಲ್ಲ. ನೆಲಮಾಳಿಗೆಗೆ ಇಳಿಯಬೇಕೋ, ಮೇಲೇ ನಿಂತು ಎದುರಿಸಬೇಕೋ ಅಂತ ಒಳಗಿನವರು ಕಚ್ಚಾಡುತ್ತಾರಲ್ಲ, ಅದು. “ನಾನು ಹೇಳಿದ್ದೇ ಸರಿ” ಅನ್ನುವ ಹಟಕ್ಕೆ ಬೆಲೆ ತೆರಬೇಕಾಗುತ್ತದೆ. ನಾಯಕ ಬೆನ್ ಆಗಿ ಡುವೇನ್ ಜೋನ್ಸ್ ಇದ್ದಾರೆ. ಕರಿಯ ನಟನೊಬ್ಬ ನಾಯಕನಾಗುವುದೇ ಅಲ್ಲಿ ಅಪರೂಪವಾಗಿದ್ದ ಕಾಲ ಅದು. ಅವರ ಗತಿ ಏನಾಯಿತು? ಕೇಳಬೇಡಿ, ನೋಡಿ. 96ನೇ ನಿಮಿಷದಲ್ಲಿ ದೀಪ ಹಾಕಿದಾಗ ಯಾರೂ ನಗುವುದಿಲ್ಲ. ಇದಕ್ಕೆ ನಾನು ಜವಾಬ್ದಾರಿ.

ಮೊನ್ನೆ ಆ ಗೆಳೆಯನ ಮನೆಗೆ ಹೋಗಿದ್ದೆ. “ತಪ್ಪಾಯ್ತು ಕಣೋ” ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನ ತಾಯಿ ಕಾಫಿ ತಂದಿಟ್ಟರು. ಲೋಟ ಕೆಳಗಿಟ್ಟ ಮೇಲೆ, “ಬರ್ತೀನಿ. ಆದ್ರೆ ಗೋಡೆ ಪಕ್ಕದ ಜಾಗ ನಂದೇ” ಅಂದ.

ಈ ಶನಿವಾರ ಮೂರೂ ಹಾಕುತ್ತಿದ್ದೇವೆ. ಬರುವಾಗ ಎರಡು ದಿಂಬು ತಾ ಎಂದು ಅವನಿಗೆ ಹೇಳಿದ್ದೇನೆ.

ಇನ್ನೊಂದು ಯಾರಿಗೆ ಅಂತೀರಾ? ನನಗೆ ಸ್ವಾಮಿ!