ಅರಸರ ಬೀರು, ಅಜ್ಜಿಯ ಕೌದಿ

ಮಕ್ಕಳೇ, ಝರಾಸಂಗಂನಿಂದ ಹೈದರಾಬಾದಿಗೆ ಪ್ರವಾಸ ಹೋದರೆ ಏನೇನು ನೋಡುವಿರಿ? ಚಾರ್‌ಮಿನಾರ್, ಗೋಲ್ಕೊಂಡ ಕೋಟೆ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ ಎನ್ನುವಿರಿ ಅಲ್ಲವೇ? ಅಲ್ಲಿನ ಹಳೆಯ ನಗರದಲ್ಲಿ ಪುರಾನಿ ಹವೇಲಿ ಎಂಬ ಅರಮನೆಯೂ ಇದೆ. 1869ರಿಂದ 1911ರವರೆಗೆ ಆಳಿದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಬಟ್ಟೆ ಇಡುತ್ತಿದ್ದ ಬೀರುಗಳು ಅಲ್ಲಿವೆ. ನಮ್ಮ ಮನೆಗಳಲ್ಲಿ ಬಟ್ಟೆಗೆಂದು ಒಂದು ಬೀರು ಇರುತ್ತದೆ, ಇಲ್ಲವೆ ಒಂದು ಟ್ರಂಕು. ಅಲ್ಲಿಯಾದರೋ ಉದ್ದನೆಯ ಹಜಾರದ ತುಂಬ ಸಾಲು ಸಾಲು ಮರದ ಬೀರುಗಳು, ಅದೂ ಎರಡು ಅಂತಸ್ತಿನಲ್ಲಿ! ಒಮ್ಮೆ ತೊಟ್ಟ ಉಡುಪನ್ನು ಅವರು ಮತ್ತೆ ತೊಡುತ್ತಿರಲಿಲ್ಲವಂತೆ.

ಅವರ ಮಗ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ರೀತಿಯೇ ಬೇರೆ. 1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಅವರನ್ನು ಜಗತ್ತಿನಲ್ಲೇ ಅತಿ ದೊಡ್ಡ ಶ್ರೀಮಂತರೆಂದು ಮುಖಪುಟದಲ್ಲಿ ತೋರಿಸಿತು. ಅವರೋ ಹಳೆಯ ಟೋಪಿ, ಸಾದಾ ಶೇರ್ವಾನಿಯಲ್ಲೇ ಇರುತ್ತಿದ್ದರೆಂದು ಹೇಳುತ್ತಾರೆ.

ಸಮೀಪದ ಚೌಮಹಲ್ಲಾ ಅರಮನೆಯಲ್ಲಿ ಆ ಮನೆತನದ ಉಡುಪುಗಳನ್ನು ಪ್ರದರ್ಶಿಸಿದ್ದಾರೆ. ಹಳೆಯ ಬಟ್ಟೆಗಳಿರುವ ಕೋಣೆಯಲ್ಲಿ ಬೆಳಕು ಮಂದವಾಗಿದ್ದರೆ ಬೇಸರಪಡಬೇಡಿ. ಹೆಚ್ಚು ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ, ನೂಲು ಸವೆಯುತ್ತದೆ.

ಇವನ್ನೆಲ್ಲ ನೋಡಲೇಬೇಕು. ಆದರೆ ನನಗೆ ಅಲ್ಲೊಂದು ಕೊರತೆ ಕಾಣುತ್ತದೆ. ಝರಾಸಂಗಂ, ನಾರಾಯಣಖೇಡ, ತಾಂಡೂರು ಕೂಡ ಆಗ ಅದೇ ನಿಜಾಮರ ಸಂಸ್ಥಾನದಲ್ಲಿದ್ದವು. ಇಲ್ಲಿ ಹೊಲ ಉತ್ತವರು, ಜೋಳ ಕೊಯ್ದವರು ಏನು ಉಡುತ್ತಿದ್ದರು? ಆ ಅರಮನೆಗಳು ಅದನ್ನು ಹೇಳುವುದಿಲ್ಲ.

ಕಾರಣ ಕಷ್ಟದ್ದೇನಲ್ಲ. ಒಮ್ಮೆ ಮಾತ್ರ ತೊಟ್ಟ ಬಟ್ಟೆ ನೂರು ವರ್ಷವಾದರೂ ಉಳಿಯುತ್ತದೆ. ಬಡವರ ಬಟ್ಟೆ ಹಾಗೆ ಉಳಿಯುವುದಿಲ್ಲ. ಹಬ್ಬಕ್ಕೆ ಕೊಂಡ ಸೀರೆ ಕೆಲವು ವರ್ಷ ಪೆಟ್ಟಿಗೆಯಲ್ಲಿ ಇರುತ್ತದೆ, ಆಮೇಲೆ ಹೊಲದ ಕೆಲಸಕ್ಕೆ ಬರುತ್ತದೆ. ಹರಿದಾಗ ಕೂಸಿನ ತೊಟ್ಟಿಲಿಗೆ ಹಾಸುತ್ತಾರೆ. ಉಳಿದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದು ಕೌದಿ ಮಾಡುತ್ತಾರೆ. ಕೌದಿಯೂ ಹರಿದರೆ ನೆಲ ಒರೆಸುವ ಅರಿವೆ! ಇಷ್ಟೆಲ್ಲ ಕೆಲಸ ಮಾಡಿದ ಸೀರೆ ವಸ್ತುಸಂಗ್ರಹಾಲಯಕ್ಕೆ ಹೋಗುವುದು ಯಾವಾಗ?

ಆದ್ದರಿಂದ ಶಾಲೆಯಲ್ಲಿ ವರ್ಷಕ್ಕೊಂದು ದಿನ ನಮ್ಮೂರಿನ ಹಳೆಯ ಉಡುಪುಗಳ ಪ್ರದರ್ಶನ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಕೇತಕಿ ಸಂಗಮೇಶ್ವರ ಗುಡಿಗೆ ಸುತ್ತಲಿನ ಹಳ್ಳಿಗಳ ಜನ ಬರುವ ಶಿವರಾತ್ರಿಯ ಆಸುಪಾಸಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಕೆಂಪು ಸೆರಗಿನ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ನಾರಾಯಣಪೇಟೆ ಸೀರೆ, ತಾಂಡಾದ ಲಂಬಾಣಿ ತಾಯಂದಿರು ಕನ್ನಡಿ ಕೂಡಿಸಿ ಹೊಲಿದ ಲಂಗ, ಅಜ್ಜನ ಧೋತರ, ರುಮಾಲು, ಕಂಬಳಿ ಎಲ್ಲವೂ ಬರಲಿ. ಅಂಗಡಿಯ ಹೊಸ ಬಟ್ಟೆ ಬೇಡ, ಉಟ್ಟು ಹಳತಾದದ್ದೇ ಬೇಕು.

“ಹಳೆಯ ಅರಿವೆ ಯಾರು ನೋಡುತ್ತಾರೆ?” ಎಂದು ಕೆಲವರು ನಗಬಹುದು. ನಗಲಿ. ನೀವು ಮಾತ್ರ ಕೌದಿಯನ್ನು ಅಂಗಳದಲ್ಲಿ ಹಾಸಿ ಅಜ್ಜಿಯನ್ನು ಕೇಳಿರಿ. ಈ ಹಸಿರು ತುಂಡು ಅವ್ವನ ಮದುವೆ ಸೀರೆ, ಈ ಗೆರೆಯದು ಕಾಕಾನ ಶಾಲೆಯ ಅಂಗಿ, ಈ ಚುಕ್ಕಿಯದು ತೀರಿಹೋದ ಮುತ್ತಜ್ಜಿಯದು ಎಂದು ಅಜ್ಜಿ ಬೆರಳಿಟ್ಟು ತೋರಿಸುತ್ತಾಳೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜಿ ಇರುವಾಗಲೇ ಬರೆದುಕೊಳ್ಳಬೇಕು.

ಪ್ರತಿಯೊಂದು ಬಟ್ಟೆಯ ಪಕ್ಕದಲ್ಲಿ ಒಂದು ಚೀಟಿ ಇರಲಿ. ಉಟ್ಟವರು ಯಾರು, ಕೊಂಡದ್ದು ಯಾವ ಸಂತೆಯಲ್ಲಿ, ಹೊಲಿದವರು ಯಾರು ಎಂದು ಅದರಲ್ಲಿ ಬರೆಯಿರಿ. ಬಿಸಿಲಿಗೆ ಹೆಚ್ಚು ಹೊತ್ತು ಹರವಬೇಡಿ. ಸಂಜೆ ಮಡಿಸುವಾಗ ಒಣಗಿದ ಬೇವಿನ ಎಲೆಯನ್ನು ನಡುವೆ ಇಟ್ಟು, ಯಾರ ಮನೆಯದೋ ಅವರಿಗೇ ತಲುಪಿಸಿರಿ.