ನೀರಿಗೆ ಹೆದರಿದ ಸೀರೆಗಳು

ಹೋದ ವೈಶಾಖದಲ್ಲಿ ನಮ್ಮ ನಾದಿನಿಯ ಮಗನ ಮುಂಜಿ ಮುಗಿದ ಮರುದಿನ ಹೆಂಗಸರೆಲ್ಲ ನಡುಮನೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದೆವು. ಮಧ್ಯದಲ್ಲಿ ರೇಷ್ಮೆ ಸೀರೆಗಳ ಗುಡ್ಡೆ. ನನ್ನ ಓರಗಿತ್ತಿ ಒಂದೊಂದನ್ನೇ ಎತ್ತಿ ಚೀಲಕ್ಕೆ ತುಂಬುತ್ತ, "ಇದು ಡ್ರೈ ಕ್ಲೀನಿಂಗಿಗೆ, ಇದೂ ಡ್ರೈ ಕ್ಲೀನಿಂಗಿಗೆ" ಎಂದು ಎಣಿಸುತ್ತಿದ್ದಳು. ಒಟ್ಟು ಒಂಬತ್ತಾದವು. ಒಂದೊಂದೂ ಮೈಮೇಲಿದ್ದದ್ದು ಮೂರೋ ನಾಲ್ಕೋ ಗಂಟೆ.

"ಕೊಳೆ ಎಲ್ಲಿದೆ, ತೋರಿಸು" ಎಂದೆ.

ಅವಳು ಕೈಯಲ್ಲಿದ್ದ ಸೀರೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಕೊಳೆ ಅಂತಲ್ಲ ಅಕ್ಕ, ಒಂದು ಸಲ ಉಟ್ಟಮೇಲೆ ಕೊಡಲೇಬೇಕಲ್ಲ!"

ಸೀರೆಗೆ 350 ರೂಪಾಯಿಯಂತೆ ಒಂಬತ್ತಕ್ಕೆ 3150. ಅವಳ ಮನೆಯಲ್ಲಿ ತಿಂಗಳ ಹಾಲಿನ ಬಿಲ್ಲು ಅದಕ್ಕಿಂತ ಕಡಿಮೆ. ನನ್ನ ಜಗಳ ದುಡ್ಡಿನ ಮೇಲಲ್ಲ, ಆ "ಕೊಡಲೇಬೇಕಲ್ಲ" ಎಂಬ ಮಾತಿನ ಮೇಲೆ. ಹಾಗೆಂದು ನಮಗೆ ಹೇಳಿದವರು ಯಾರು? ಅಮ್ಮ ಹೇಳಲಿಲ್ಲ, ಅತ್ತೆ ಹೇಳಲಿಲ್ಲ. ಹೇಳಿದ್ದು ಸೀರೆಯ ಮೂಲೆಗೆ ಅಂಟಿಸಿದ ಒಂದು ಚೀಟಿ. ಬಣ್ಣ ಬಿಟ್ಟರೆ ನಾಳೆ ಗಿರಾಕಿ ಬಂದು ಕೂಗಾಡಬಾರದೆಂದು ಅಂಗಡಿಯವನು ಅಂಟಿಸುವ ಚೀಟಿ ಅದು. ಅವನು ತನ್ನನ್ನು ಕಾಪಾಡಿಕೊಳ್ಳಲು ಬರೆದದ್ದನ್ನು ನಾವು ಶಾಸ್ತ್ರವೆಂದು ಓದಿಕೊಂಡಿದ್ದೇವೆ.

ಮೊದಲನೆಯದಾಗಿ, ಡ್ರೈ ಕ್ಲೀನಿಂಗ್‌ನಲ್ಲಿ 'ಡ್ರೈ' ಏನೂ ಇಲ್ಲ. ನೀರಿನ ಬದಲು ಬೇರೊಂದು ದ್ರವದಲ್ಲಿ ಬಟ್ಟೆಯನ್ನು ಹೊರಳಿಸುತ್ತಾರೆ, ಅಷ್ಟೆ. ಕೆಲವು ಕಡೆ ಪೆಟ್ರೋಲಿಯಂನಿಂದ ತೆಗೆದ ಟರ್ಪೆಂಟೈನ್ ಜಾತಿಯ ಎಣ್ಣೆ, ಕೆಲವು ಕಡೆ ಪರ್ಕ್ಲೋರೋಎಥಿಲೀನ್ ಎಂಬ ಉದ್ದ ಹೆಸರಿನ ರಾಸಾಯನಿಕ. ಇವು ಜಿಡ್ಡನ್ನು ಕರಗಿಸುವುದರಲ್ಲಿ ನಿಸ್ಸೀಮ. ತುಪ್ಪ ಚೆಲ್ಲಿತೋ, ಕರಿದ ಎಣ್ಣೆ ಸಿಡಿಯಿತೋ, ಕೊಡಿ, ಖಂಡಿತ ಕೊಡಿ. ಆದರೆ ನಾವು ಸೀರೆ ಕೊಡುವುದು ತುಪ್ಪಕ್ಕಲ್ಲ, ಬೆವರಿಗೆ. ಬೆವರೆಂದರೆ ಬಹುಪಾಲು ಉಪ್ಪುನೀರು. ಉಪ್ಪು ಕರಗುವುದು ನೀರಿನಲ್ಲಿ, ಆ ಎಣ್ಣೆಯಲ್ಲಲ್ಲ. ಪಾನಕದ ಸಕ್ಕರೆಯೂ ಹಾಗೆಯೇ. ಬೇರೆಯಾಗಿ ನೀರು ಮುಟ್ಟಿಸಿ ಕಲೆ ತೆಗೆಯದಿದ್ದರೆ, ದುಡ್ಡು ಕೊಟ್ಟು ಯಾವುದನ್ನು ಕಳೆಯಬೇಕೆಂದುಕೊಂಡೆವೋ ಅದೇ ಸೀರೆಯೊಳಗೆ ಕೂತು, ಇಸ್ತ್ರಿಯ ಬಿಸಿಗೆ ಇನ್ನಷ್ಟು ಗಟ್ಟಿಯಾಗಿ, ಮುಂದಿನ ವರ್ಷ ಹಳದಿ ಕಲೆಯಾಗಿ ಮೇಲೇಳುತ್ತದೆ. ಆಗ ನಾವು ಸೀರೆ ಹಳತಾಯಿತು ಎನ್ನುತ್ತೇವೆ.

ಇನ್ನು ರೇಷ್ಮೆಗೆ ನೀರಾಗದು ಎಂಬ ಮಾತು. ರಾಮನಗರದಲ್ಲೋ ಶಿಡ್ಲಘಟ್ಟದಲ್ಲೋ ನೂಲು ಬಿಚ್ಚುವ ಮನೆಗೆ ಒಮ್ಮೆ ಹೋಗಿ ನೋಡಿ. ಗೂಡನ್ನು ಕುದಿಯುವ ನೀರಿಗೆ ಹಾಕಿದ ಮೇಲೇ ಎಳೆ ಬಿಡುವುದು. ಆಮೇಲೆ ಆ ನೂಲಿನ ಅಂಟು ಹೋಗಲೆಂದು ಸಾಬೂನು, ಸೋಡಾ ಹಾಕಿ ಬೇಯಿಸುತ್ತಾರೆ. ಆಮೇಲೆ ಬಿಸಿ ಬಣ್ಣದ ಹಂಡೆಯಲ್ಲಿ ಮುಳುಗಿಸುತ್ತಾರೆ. ಹುಟ್ಟುವ ಮೊದಲೇ ಮೂರು ಸಲ ಬಿಸಿನೀರು ಕಂಡ ರೇಷ್ಮೆ ನಮ್ಮ ಬಚ್ಚಲಿನ ಬಕೆಟ್ಟಿನ ತಣ್ಣೀರಿಗೆ ಹೆದರೀತೇ?

ಹೆದರಬೇಕಾದ್ದು ಬೇರೆಯದಕ್ಕೆ. ಅಂಚು, ಸೆರಗುಗಳ ಗಾಢ ಬಣ್ಣ ಒಡಲಿಗೆ ಹರಿದೀತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಮೈಸೂರಿನ ಕಾರ್ಖಾನೆಯಿಂದ ಬರುವ ಕ್ರೇಪ್ ಸೀರೆಗಳಲ್ಲಿ ನೂಲನ್ನು ತುಂಬ ಹುರಿ ಹಾಕಿರುತ್ತಾರೆ. ಅದು ನೀರು ಕಂಡರೆ ಕುಗ್ಗುತ್ತದೆ. ಅದನ್ನು ನಾನೂ ಅಂಗಡಿಗೇ ಕೊಡುತ್ತೇನೆ. ಮೈತುಂಬ ಕುಸುರಿ, ಮಣಿ ಕೂರಿಸಿದ ಸೀರೆಯನ್ನೂ ಕೊಡುತ್ತೇನೆ. ಉಳಿದವಕ್ಕೆ ಒಂದು ಪರೀಕ್ಷೆ ಸಾಕು: ಅಂಚಿನ ಒಳಮೂಲೆಯನ್ನು ಒದ್ದೆಯಾದ ಬಿಳಿ ಅರಿವೆಯಿಂದ ಉಜ್ಜಿ ನೋಡಿ. ಬಣ್ಣ ಬಂತೋ, ಅಂಗಡಿ. ಬರಲಿಲ್ಲವೋ, ರಾತ್ರಿ ನೆನೆಹಾಕಿದ ಅಂಟವಾಳಕಾಯಿಯ ನೊರೆ.

ನನ್ನ ಅಮ್ಮನ ಧಾರೆ ಸೀರೆಗೆ ನಲವತ್ತು ವರ್ಷ ಅಂಟವಾಳ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಅರಿಶಿನದ ಒಡಲು, ಹಸಿರು ಅಂಚು. ಅದೂ ಎರಡು ಮೂರು ವರ್ಷಕ್ಕೊಮ್ಮೆ. ಉಳಿದಂತೆ ಉಟ್ಟ ದಿನ ರಾತ್ರಿ ಹಗ್ಗದ ಮೇಲೆ ಹರವಿ, ಬೆಳಗ್ಗೆ ಬೆವರಾರಿದ ಮೇಲೆ ಮಡಿಸಿ, ಹಳೆಯ ಪಂಚೆಯಲ್ಲಿ ಸುತ್ತಿಡುವುದು. ಅಜ್ಜಿಯ ಕಾಲಕ್ಕೆ ಹೋದರೆ ಇನ್ನೂ ಸೋಜಿಗ: ನಮ್ಮ ಮನೆಯಲ್ಲಿ ಹತ್ತಿಯ ಮಡಿಬಟ್ಟೆಯನ್ನು ದಿನವೂ ಹಿಂಡಿ ಹಾಕಬೇಕಿತ್ತು, ಪಟ್ಟೆಮಡಿಗೆ ಆ ಕಟ್ಟುಪಾಡಿರಲಿಲ್ಲ. ಮಡಿಯ ವಿಷಯದಲ್ಲಿ ಅಷ್ಟು ಕಠಿಣರಾಗಿದ್ದವರೇ ರೇಷ್ಮೆಯನ್ನು ಅಷ್ಟು ಸಲೀಸಾಗಿ ನೋಡಿದ್ದರು.

ಅಮ್ಮ ಹೋದ ಮೇಲೆ ಆ ಸೀರೆ ನನಗೆ ಬಂತು. ನಾನು ಓದಿದವಳು, ಹೆದರಿಕೆ ಜಾಸ್ತಿ. ಎಂಟು ವರ್ಷ ಬೀರುವಿನಲ್ಲಿ ಮಡಿಕೆ ಬದಲಿಸದೆ ಇಟ್ಟೆ. ಮಗನ ಮದುವೆಗೆ ಉಡಬೇಕೆಂದು, ಅತ್ಯುತ್ತಮವಾದ್ದನ್ನೇ ಮಾಡೋಣವೆಂದು, ಬಸ್‌ಸ್ಟ್ಯಾಂಡ್ ರಸ್ತೆಯ ಒಂದು ಅಂಗಡಿಗೆ ಡ್ರೈ ಕ್ಲೀನಿಂಗ್‌ಗೂ ಪಾಲಿಶ್‌ಗೂ ಕೊಟ್ಟೆ. ವಾಪಸು ಬಂದಾಗ ಮಡಿಕೆಯಿದ್ದ ಕಡೆಯೆಲ್ಲ ಉದ್ದಕ್ಕೆ ಸೀಳಿತ್ತು. ಅಮ್ಮನ ಪೆಟ್ಟಿಗೆಯ ವಾಸನೆ ಹೋಗಿ ಸೀಮೆಎಣ್ಣೆಯಂಥದ್ದೇನೋ ಬರುತ್ತಿತ್ತು. ಅಂಗಡಿಯವರು ರಶೀದಿಯ ಹಿಂಭಾಗ ತೋರಿಸಿದರು. ಬಣ್ಣ, ಜರಿ, ಹರಿತ ಯಾವುದಕ್ಕೂ ಜವಾಬ್ದಾರರಲ್ಲವೆಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ತಪ್ಪೆಲ್ಲ ಅವರದೆನ್ನಲಾರೆ. ಮಡಿಕೆ ಬದಲಿಸದೆ ಇಟ್ಟವಳು ನಾನು. ಆದರೆ ಅಮ್ಮನ ಕೈಯಲ್ಲಿ ನಲವತ್ತು ವರ್ಷ ಬಾಳಿದ್ದನ್ನು ನನ್ನ ಕೈಯ ಮೇಲೆ ನನಗೆ ನಂಬಿಕೆಯಿಲ್ಲದೆ ಹಾಳುಮಾಡಿಕೊಂಡೆನಲ್ಲ, ಆ ಸಂಕಟ ಈಗಲೂ ಹೋಗಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ನೆರೆಮನೆಯವರು ಇದನ್ನೆಲ್ಲ ಕೇಳಿ ಸಿಡುಕಿದರು. "ನನಗಿರುವುದು ಒಂದು ಭಾನುವಾರ ಕಣ್ರೀ. ಅದನ್ನೂ ನಿಮ್ಮ ಅಂಟವಾಳಕ್ಕೆ ಕೊಡಲಾ?" ನ್ಯಾಯವಾದ ಮಾತು. ಹೆಂಗಸರ ಬೆನ್ನಿಗೆ ಇನ್ನೊಂದು ಒಗೆತ ಹೇರುವವಳಲ್ಲ ನಾನು. ನಾನು ಹೇಳುತ್ತಿರುವುದು ಹೆಚ್ಚು ಒಗೆಯಿರೆಂದಲ್ಲ, ಕಡಿಮೆ ಕೊಡಿರೆಂದು. ಗಾಳಿಗೆ ಹರವಲು ಎರಡು ನಿಮಿಷ ಸಾಕು, ಅದನ್ನು ಮನೆಯ ಗಂಡಸೂ ಮಾಡಬಹುದು. ಬೆವರು ನಿಜವಾಗಿ ಕೂರುವುದು ಕುಪ್ಪಸದ ಕಂಕುಳಲ್ಲಿ. ಬಣ್ಣ ಬಿಡದಿದ್ದರೆ ಅದೊಂದನ್ನು ಅದ್ದಿ ತೆಗೆದರೆ ಆಯಿತು. ಅಂದಹಾಗೆ ಅವರ ಯಜಮಾನರ ಸೂಟು ಇದೆಯಲ್ಲ, ಮೂರು ಮದುವೆ, ಎರಡು ಆರತಕ್ಷತೆ ಕಂಡು ಹಾಗೇ ಹ್ಯಾಂಗರಿನಲ್ಲಿ ನೇತಾಡುತ್ತಿದೆ. ಅದನ್ನು ಯಾಕೆ ಕೊಟ್ಟಿಲ್ಲವೆಂದು ಯಾರೂ ಕೇಳುವುದಿಲ್ಲ. ಒಂದು ಸಲ ಉಟ್ಟದ್ದಕ್ಕೆ ನಾಚಿಕೊಳ್ಳಬೇಕಾದವರು ನಾವು ಮಾತ್ರ!

ಇನ್ನೊಂದು ಸಂಗತಿಯಿದೆ. ಮೇಲೆ ಹೇಳಿದೆನಲ್ಲ ಪರ್ಕ್ಲೋರೋಎಥಿಲೀನ್, ಅದು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪಟ್ಟಿಮಾಡಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಡ್ರೈ ಕ್ಲೀನಿಂಗ್‌ನಲ್ಲಿ ಅದರ ಬಳಕೆಯನ್ನು ಹತ್ತು ವರ್ಷಗಳಲ್ಲಿ ನಿಲ್ಲಿಸಬೇಕೆಂದು ನಿಯಮ ಮಾಡಿತು. ಉಡುವ ನಮಗಿಂತ ಅಪಾಯ ಹೆಚ್ಚಿರುವುದು ಯಂತ್ರದ ಬಾಗಿಲು ತೆಗೆದು ದಿನವಿಡೀ ಆ ಆವಿ ಕುಡಿಯುವವರಿಗೆ. ನಾನು ಸೀರೆ ಕೊಟ್ಟ ಅಂಗಡಿಯ ಹಿಂದಿನ ಕೋಣೆಗೆ ಒಂದೇ ಕಿಟಕಿ ಇತ್ತು. ಒಳಗೆ ಇದ್ದ ಹುಡುಗನಿಗೆ ಇಪ್ಪತ್ತೂ ತುಂಬಿರಲಾರದು. ಯಾವ ಎಣ್ಣೆ ಹಾಕುತ್ತೀರಪ್ಪ ಎಂದರೆ, "ಡಬ್ಬದಲ್ಲಿ ಬರುತ್ತೆ ಅಮ್ಮ" ಎಂದ. ಕೊಳೆಯೇ ಇಲ್ಲದ ಸೀರೆಗೋಸ್ಕರ ಅವನು ಅಲ್ಲಿ ಉಸಿರಾಡಬೇಕೇ?

ಓರಗಿತ್ತಿಯ ಚೀಲವನ್ನು ಅವತ್ತು ನಾನೇ ನೆಲಕ್ಕೆ ಸುರಿದೆ. ಒಂದರ ಸೆರಗಿಗೆ ಹೋಮದ ತುಪ್ಪ ತಾಗಿತ್ತು, ಇನ್ನೊಂದು ಕ್ರೇಪ್, ಅದರ ಅಂಚು ನೆಲ ಗುಡಿಸಿ ಕಪ್ಪಾಗಿತ್ತು. ಅವೆರಡು ಅಂಗಡಿಗೆ ಹೋದವು. ಉಳಿದ ಏಳನ್ನು ಹಿತ್ತಿಲ ಜಗಲಿಯ ನೆರಳಿನಲ್ಲಿ ಹರವಿದೆವು. ಓರಗಿತ್ತಿಗೆ ಸಮಾಧಾನವಿಲ್ಲ. ಸಂಜೆ ಮಡಿಸುವಾಗ ಒಂದನ್ನು ಮೂಗಿಗೆ ಹಿಡಿದು ಮೂಸಿ ನೋಡಿದಳು, ಮತ್ತೊಮ್ಮೆ ಮೂಸಿದಳು. ಆಮೇಲೆ, "ಅಂಟವಾಳಕಾಯಿ ಈಗ ಎಲ್ಲಿ ಸಿಗುತ್ತೆ ಅಕ್ಕ?" ಎಂದು ಕೇಳಿದಳು. ಗ್ರಂಥಿಗೆ ಅಂಗಡಿಯಲ್ಲಿ ಎಂದೆ.