ಬ್ರಹ್ಮಚರ್ಯದ ಪಾಠ ಯಾರಿಗೆ?

ಮದುವೆಯವರೆಗೆ ದೇಹಸಂಬಂಧ ಬೇಡ, ಮದುವೆಯಾದ ಮೇಲೆ ಸಂಗಾತಿಯ ಹೊರತು ಬೇರೆಯವರ ಸಂಗ ಬೇಡ. ಏಡ್ಸ್ ತಡೆಯಲೆಂದು ಧರ್ಮಸಂಸ್ಥೆಗಳು ಯುವಜನರಿಗೆ ಕಲಿಸುವ ಪಾಠದ ತಿರುಳು ಇಷ್ಟೇ. ಆಫ್ರಿಕಾದ ಹಲವು ದೇಶಗಳಲ್ಲಿ ಚರ್ಚು, ಮಸೀದಿಗಳು ದಶಕಗಳಿಂದ ಇದನ್ನು ಹೇಳಿಕೊಂಡು ಬಂದಿವೆ. ಅಮೆರಿಕ ಸರ್ಕಾರ ಇದಕ್ಕಾಗಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದಿದೆ. ಪಾಠ ಸರಿಯೋ ತಪ್ಪೋ ಎಂಬ ಜಗಳ ಬೇಕಾದಷ್ಟು ಆಗಿದೆ. ಪಾಠ ಯಾರ ಕಿವಿಗೆ ಬೀಳಬೇಕಿತ್ತು, ಯಾರ ಕಿವಿಗೆ ಬಿತ್ತು ಎಂದು ಕೇಳಿದವರು ಕಡಿಮೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳನ್ನು ನೋಡಿದರೆ ಈ ಪ್ರಶ್ನೆ ಎದ್ದು ಕಾಣುತ್ತದೆ. ಬ್ರಹ್ಮಚರ್ಯಕ್ಕೆ ಇಷ್ಟು ಗೌರವ ಕೊಟ್ಟ ನೆಲ ನಾಡಿನಲ್ಲಿ ವಿರಳ. ಎಚ್‌ಐವಿಯ ಪೆಟ್ಟು ಜೋರಾಗಿ ಬಿದ್ದ ಸೀಮೆಯೂ ಇದೇ.

ಇದೇ ಸೀಮೆಯ, ದೂಧಗಂಗಾ ದಂಡೆಯ ಸದಲಗಾದಲ್ಲಿ 1946ರ ಅಕ್ಟೋಬರ್ 10ರಂದು ಹುಟ್ಟಿದ ವಿದ್ಯಾಧರ, ಇಪ್ಪತ್ತರ ಆಸುಪಾಸಿನಲ್ಲಿ ಬ್ರಹ್ಮಚರ್ಯ ವ್ರತ ಹಿಡಿದು ಮನೆ ಬಿಟ್ಟರು. 1968ರ ಜೂನ್ 30ರಂದು ಅಜ್ಮೀರದಲ್ಲಿ ದಿಗಂಬರ ಜೈನ ಮುನಿ ದೀಕ್ಷೆ ಪಡೆದು ವಿದ್ಯಾಸಾಗರರಾದರು. 1972ರಲ್ಲಿ ಆಚಾರ್ಯ ಪದವಿಗೇರಿದ ಅವರು 2024ರ ಫೆಬ್ರುವರಿಯಲ್ಲಿ ಡೋಂಗರಗಢದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಅವರ ಪ್ರೇರಣೆಯಿಂದ ನಡೆಯುವ ‘ಪ್ರತಿಭಾಸ್ಥಲಿ’ ಬಾಲಕಿಯರ ವಸತಿಶಾಲೆಗಳಲ್ಲಿ ಪಾಠ ಹೇಳುವವರು ಬ್ರಹ್ಮಚಾರಿಣಿಯರು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರದು ನಿಪ್ಪಾಣಿ ಕಡೆಯ ಭೋಜ. ಆಚಾರ್ಯ ದೇಶಭೂಷಣರದು ಕೋಥಳಿ, ಆಚಾರ್ಯ ವಿದ್ಯಾನಂದರದು ಕಾಗವಾಡ ತಾಲ್ಲೂಕಿನ ಶೇಡಬಾಳ. ಒಂದೇ ಸೀಮೆಯಿಂದ ಇಷ್ಟು ಮಂದಿ ಹೊರಟರೆಂದರೆ ಸಂಯಮದ ಮಾತು ಇಲ್ಲಿಯ ಮಕ್ಕಳಿಗೆ ಹೊರಗಿನವರು ತಂದು ಹೇಳಬೇಕಾದ ಸಂಗತಿಯಲ್ಲ.

ಆದರೆ ಜೈನ ಧರ್ಮ ಈ ವ್ರತವನ್ನು ಎರಡು ಅಳತೆಗಳಲ್ಲಿ ಕೊಡುತ್ತದೆ. ಮುನಿಗೆ ಪೂರ್ಣ ಬ್ರಹ್ಮಚರ್ಯದ ಮಹಾವ್ರತ. ಗೃಹಸ್ಥನಿಗೆ ಅಣುವ್ರತ, ಅಂದರೆ ತನ್ನ ಹೆಂಡತಿಯಲ್ಲಿಯೇ ತೃಪ್ತನಾಗಿರುವುದು. ಚಾತುರ್ಮಾಸದಲ್ಲಿ ಮುನಿಗಳು ಊರಲ್ಲಿ ನಿಂತಾಗ ಶ್ರಾವಕರು ಕೈಮುಗಿದು ‘ನಿಯಮ’ ಕೇಳುತ್ತಾರೆ. ಒಬ್ಬರು ರಾತ್ರಿ ಊಟ ಬಿಡುತ್ತಾರೆ, ಇನ್ನೊಬ್ಬರು ಗಡ್ಡೆಗೆಣಸು ಬಿಡುತ್ತಾರೆ, ಮತ್ತೊಬ್ಬರು ಅಷ್ಟಮಿ-ಚತುರ್ದಶಿಗೆ ಬ್ರಹ್ಮಚರ್ಯ ಹಿಡಿಯುತ್ತಾರೆ. ನಿಯಮಕ್ಕೆ ಅವಧಿಯಿದೆ, ಕೇಳಿದವರಿಗಷ್ಟೇ ಕೊಡುವ ಪದ್ಧತಿಯಿದೆ, ಮುರಿದರೆ ಪ್ರಾಯಶ್ಚಿತ್ತವಿದೆ. ಬಸದಿಯ ಪಾಠಶಾಲೆಗಳಲ್ಲಿ ಮಕ್ಕಳಿಗೆ ಕಲಿಸುವ ಸಪ್ತವ್ಯಸನಗಳ ಪಟ್ಟಿಯನ್ನೂ ಗಮನಿಸಬೇಕು: ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀ ಸಂಗ. ಏಳರಲ್ಲಿ ಎರಡು ನೇರವಾಗಿ ಗಂಡಸಿಗೆ ಹೇಳಿದ ಮಾತು. ಇದೇ ಸೀಮೆಯಲ್ಲಿ ಬಲವಾಗಿರುವ ಶರಣ ಪರಂಪರೆಯೂ ಪರಸತಿ, ಪರಧನಗಳ ಆಸೆ ತೊರೆಯಲು ಹೇಳಿದ್ದು ಭಕ್ತನಿಗೆ. ಶೀಲವನ್ನು ಹೆಣ್ಣಿನ ಸೆರಗಿಗೆ ಗಂಟು ಹಾಕಿದ್ದು ಆಮೇಲಿನ ರೂಢಿ.

ಈ ಸೀಮೆಯಲ್ಲಿ ಎಚ್‌ಐವಿ ಹರಡಿದ ದಾರಿ ನೋಡಿದರೆ ಗಂಡಸಿಗೆ ಹೇಳಿದ ಮಾತಿನ ತೂಕ ತಿಳಿಯುತ್ತದೆ. ಪುಣೆ-ಬೆಂಗಳೂರು ಹೆದ್ದಾರಿ ನಿಪ್ಪಾಣಿಯನ್ನು ಹಾದು ಹೋಗುತ್ತದೆ. ತಂಬಾಕು ಮತ್ತು ಬೀಡಿಯ ವ್ಯಾಪಾರ, ಸಕ್ಕರೆ ಕಾರ್ಖಾನೆಗಳು, ಸುಗ್ಗಿಗೆ ಬಂದಿಳಿಯುವ ಕಬ್ಬು ಕಡಿಯುವ ಗ್ಯಾಂಗ್‌ಗಳು, ಇಚಲಕರಂಜಿಯ ಮಗ್ಗ, ಸಾಂಗಲಿ-ಮಿರಜದ ಪೇಟೆ, ಎಲ್ಲದಕ್ಕೂ ಗಂಡಸರು ಮನೆ ಬಿಟ್ಟು ತಿರುಗಬೇಕು. ಇದರ ಜೊತೆಗೆ ದೇವದಾಸಿ ಪದ್ಧತಿ. ಅಥಣಿ ತಾಲ್ಲೂಕಿನ ಕೊಕಟನೂರು ಯಲ್ಲಮ್ಮ ಮತ್ತು ಸವದತ್ತಿ ಗುಡ್ಡದ ಯಲ್ಲಮ್ಮನ ಹೆಸರಿನಲ್ಲಿ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು. ಕೊರಳಿಗೆ ಕೆಂಪು-ಬಿಳಿ ಮಣಿಗಳ ಸರ ಬಿದ್ದ ಮೇಲೆ ಆ ಹುಡುಗಿಗೆ ಮದುವೆಯಿಲ್ಲ. ಮೈನೆರೆದ ಮೇಲೆ ಊರ ಉಳ್ಳವನೊಬ್ಬ ‘ಇಟ್ಟುಕೊಳ್ಳುವುದು’, ಅವನು ಕೈಬಿಟ್ಟ ಮೇಲೆ ಸಾಂಗಲಿ, ಪುಣೆ, ಮುಂಬೈಗಳ ಪೇಟೆ. ಇದನ್ನು ತಡೆಯಲು ಮುಂಬೈ ಪ್ರಾಂತ್ಯ 1934ರಲ್ಲಿ, ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿದವು. 2000ದ ದಶಕದ ಆರಂಭದಲ್ಲಿ ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರ ನಡುವೆ ನಡೆದ ದೊಡ್ಡ ಸಮೀಕ್ಷೆಯೊಂದರಲ್ಲಿ ಶೇ 26ರಷ್ಟು ಮಂದಿ ದೇವದಾಸಿ ಪದ್ಧತಿಯ ಮೂಲಕ ಈ ವೃತ್ತಿಗೆ ಬಂದವರಾಗಿದ್ದರು. ಬಸದಿಯಲ್ಲಿ ಸಂಯಮ ಕಲಿಸಿದ ಅದೇ ನೆಲದಲ್ಲಿ, ಇನ್ನೊಂದು ಗುಡಿಯ ಮುಂದೆ, ಸಂಯಮದ ಆಯ್ಕೆಯನ್ನೇ ಧರ್ಮದ ಹೆಸರಿನಲ್ಲಿ ಕಸಿದುಕೊಳ್ಳಲಾಗಿತ್ತು.

ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿ 2003ರ ಸುಮಾರಿಗೆ ಸಾಮಾನ್ಯ ಜನರ ರಕ್ತ ಪರೀಕ್ಷಿಸಿದಾಗ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ 3ರ ಹತ್ತಿರ ಇತ್ತು, ಅದೂ ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಗರ್ಭಿಣಿಯರಲ್ಲಿ ಸೋಂಕು ಶೇ 1 ಮುಟ್ಟಿದ ಜಿಲ್ಲೆಗಳನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ‘ಎ’ ವರ್ಗಕ್ಕೆ ಸೇರಿಸಿದಾಗ ಅದರಲ್ಲಿ ಬೆಳಗಾವಿಯೂ ಇತ್ತು. ಗರ್ಭಿಣಿಯರೆಂದರೆ ಬಹುಪಾಲು ಗಂಡನೊಬ್ಬನನ್ನೇ ಬಲ್ಲ ಹೆಂಗಸರು. ಪುಣೆಯ ಗುಪ್ತರೋಗ ಚಿಕಿತ್ಸಾಲಯಗಳಿಗೆ 1993ರಿಂದ 1996ರವರೆಗೆ ಬಂದ, ಲೈಂಗಿಕ ವೃತ್ತಿಯಲ್ಲಿಲ್ಲದ ಮಹಿಳೆಯರಲ್ಲಿ ಶೇ 13.6ರಷ್ಟು ಮಂದಿಗೆ ಎಚ್‌ಐವಿ ತಗುಲಿತ್ತು. ಅವರಲ್ಲಿ ಹೆಚ್ಚಿನವರು ಒಬ್ಬನೇ ಸಂಗಾತಿಯಿದ್ದ ಗೃಹಿಣಿಯರು. ಪಾತಿವ್ರತ್ಯದಲ್ಲಿ ಅವರದೇನೂ ಕೊರತೆ ಇರಲಿಲ್ಲ. ‘ಮದುವೆಯವರೆಗೆ ತಾಳ್ಮೆ’ ಎಂಬ ಪಾಠ ಅವರಿಗೆ ತಾಳಿಯ ದಿನವೇ ಮುಗಿದುಹೋಗಿತ್ತು. ಅಪಾಯ ಶುರುವಾದದ್ದು ಅಂದಿನಿಂದ.

ಬಾಲ್ಯವಿವಾಹ ಈ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಯ ಮದುವೆ 18 ತುಂಬುವ ಮೊದಲೇ ಆಗಿತ್ತು. ಹದಿನಾರಕ್ಕೆ ಗಂಡನ ಮನೆ ಸೇರಿದ ಹುಡುಗಿಗೆ ‘ಬೇಡ’ ಎನ್ನಲು ಯಾವ ವ್ರತವೂ ಅವಕಾಶ ಕೊಡುವುದಿಲ್ಲ.

ಆಫ್ರಿಕಾದ ಅನುಭವ ಇದಕ್ಕಿಂತ ಬಹಳ ಬೇರೆಯಾಗಿಲ್ಲ. ಧರ್ಮಾಧಾರಿತ ಸಂಯಮ ಶಿಕ್ಷಣದ ಪರ ವಾದಿಸುವವರೆಲ್ಲ ಉಗಾಂಡವನ್ನು ತೋರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. 1986ರಲ್ಲಿ ಅಧಿಕಾರಕ್ಕೆ ಬಂದ ಯೊವೆರಿ ಮುಸೆವೆನಿ ಊರೂರಲ್ಲಿ ಏಡ್ಸ್ ಬಗ್ಗೆ ಬಾಯಿ ಬಿಟ್ಟು ಮಾತನಾಡಿದರು. ಕ್ಯಾಥೊಲಿಕ್, ಆಂಗ್ಲಿಕನ್, ಮುಸ್ಲಿಂ ಸಂಘಟನೆಗಳು ಕೈಜೋಡಿಸಿದವು. 1990ರ ದಶಕದ ಆರಂಭದಲ್ಲಿ ಶೇ 15ರ ಹತ್ತಿರವಿದ್ದ ವಯಸ್ಕರ ಸೋಂಕು ಹತ್ತು ವರ್ಷಗಳಲ್ಲಿ ಶೇ 6ರ ಆಸುಪಾಸಿಗೆ ಇಳಿಯಿತು. ಇಳಿಸಿದ್ದು ಏನು? ಸಾವಿನಿಂದಲೂ ಅಂಕಿ ಇಳಿದಿರುತ್ತದೆ ಎಂಬುದನ್ನು ಮರೆಯಬಾರದು. ಅದನ್ನು ಬಿಟ್ಟು ನೋಡಿದರೆ, 1989ರಿಂದ 1995ರ ನಡುವೆ ಮನೆಯಾಚೆಗಿನ ಸಂಬಂಧಗಳು ಸುಮಾರು ಶೇ 60ರಷ್ಟು ಕಡಿಮೆಯಾದದ್ದು ಸಮೀಕ್ಷೆಗಳಲ್ಲಿ ಕಂಡಿತು. ದನವನ್ನು ಗೂಟಕ್ಕೆ ಕಟ್ಟಿ ಮೇಯಿಸಿದಂತೆ ಮನೆಯಲ್ಲೇ ಇರಿ, ಹೊರಗೆ ಮೇಯಬೇಡಿ ಎಂದು ಅಲ್ಲಿಯ ಘೋಷಣೆ ಹೇಳಿದ್ದು ಮುಖ್ಯವಾಗಿ ಮದುವೆಯಾದ ಗಂಡಸರಿಗೆ. ಅದು ಹೆಚ್ಚುಕಡಿಮೆ ಅಣುವ್ರತದ ಮಾತೇ. ಹದಿಹರೆಯದವರು ಲೈಂಗಿಕತೆಗೆ ಕಾಲಿಡುವ ವಯಸ್ಸೂ ಅಲ್ಲಿ ಒಂದಿಷ್ಟು ಮುಂದಕ್ಕೆ ಹೋಯಿತು, ಕಾಂಡೋಮ್ ಬಳಕೆಯೂ ಏರಿತು. ಮೂರನ್ನೂ ಬಿಡಿಸಿ ಒಂದಕ್ಕೇ ಹಾರ ಹಾಕುವುದು ಸರಿಯಲ್ಲ.

ಹಾರ ಹಾಕಿದ್ದು ಮಾತ್ರ ಒಂದಕ್ಕೇ. 2003ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ 1,500 ಕೋಟಿ ಡಾಲರಿನ ಏಡ್ಸ್ ನೆರವು ಯೋಜನೆ ತಂದಾಗ, ತಡೆಗಟ್ಟುವಿಕೆಯ ಹಣದಲ್ಲಿ ಮೂರನೇ ಒಂದು ಪಾಲು ಮದುವೆವರೆಗಿನ ಸಂಯಮದ ಬೋಧನೆಗೇ ಹೋಗಬೇಕು ಎಂದು ಕಾನೂನು ಹೇಳಿತು. ಈ ಷರತ್ತು 2008ರಲ್ಲಿ ಸಡಿಲವಾಯಿತು. ಸಂಯಮ ಮತ್ತು ನಿಷ್ಠೆಯ ಬೋಧನೆಗೆ 2004ರಿಂದ 2013ರವರೆಗೆ ಹೋದ ಸುಮಾರು 140 ಕೋಟಿ ಡಾಲರಿನ ಫಲವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 22 ದೇಶಗಳ ಸುಮಾರು 5 ಲಕ್ಷ ಜನರ ಮಾಹಿತಿಯಲ್ಲಿ ಹುಡುಕಿದರು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಹಣ ಬಂದ ದೇಶಗಳಿಗೂ ಬಾರದ ದೇಶಗಳಿಗೂ ಯುವಜನರ ನಡವಳಿಕೆಯಲ್ಲಿ ಎದ್ದು ಕಾಣುವ ವ್ಯತ್ಯಾಸವಿರಲಿಲ್ಲ. ಸಂಯಮದಿಂದ ಸೋಂಕು ತಪ್ಪುತ್ತದೆ ಎಂಬುದು ಇದರಿಂದ ಸುಳ್ಳಾಗುವುದಿಲ್ಲ. ಸಂಯಮವನ್ನು ಹಣ ಕೊಟ್ಟು ಬೋಧಿಸಿದರೆ ಜನ ಪಾಲಿಸುತ್ತಾರೆ ಎಂಬ ಲೆಕ್ಕ ಮಾತ್ರ ತಪ್ಪಾಯಿತು.

ಆಗಿನ ಸ್ವಾಜಿಲ್ಯಾಂಡಿನದು ಇನ್ನೂ ವಿಚಿತ್ರ. 2001ರಲ್ಲಿ ದೊರೆ ಮೂರನೇ ಎಮ್‌ಸ್ವಾಟಿ ಹಳೆಯ ಕನ್ಯಾವ್ರತವೊಂದಕ್ಕೆ ಜೀವ ಕೊಟ್ಟು, ಎಳೆಯ ಹುಡುಗಿಯರು ಐದು ವರ್ಷ ಗಂಡಸರ ಸಂಗ ಮಾಡಬಾರದೆಂದ. ಗುರುತಿಗೆ ಅವರು ಉಣ್ಣೆಯ ಕುಚ್ಚು ಧರಿಸಬೇಕಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ತಾನೇ 17ರ ಹುಡುಗಿಯೊಬ್ಬಳನ್ನು ಮದುವೆಗೆ ಆರಿಸಿಕೊಂಡು, ದಂಡವಾಗಿ ಒಂದು ಹಸು ತೆತ್ತ. 2005ರಲ್ಲಿ ಕಟ್ಟಳೆ ಅವಧಿಗೆ ಮುನ್ನವೇ ರದ್ದಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಸೋಂಕಿನ ದೇಶವೆಂಬ ಹೆಸರು ಹಾಗೆಯೇ ಉಳಿಯಿತು.

ಕರ್ನಾಟಕ ಇದೇ ಹೊತ್ತಿಗೆ ತನ್ನದೊಂದು ದಾರಿ ಹಿಡಿಯಿತು. ಕೇಂದ್ರ ಸರ್ಕಾರ 2005ರಲ್ಲಿ ಆರಂಭಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ಮಹಾರಾಷ್ಟ್ರ, ಮಧ್ಯಪ್ರದೇಶಗಳ ಜೊತೆ ಕರ್ನಾಟಕವೂ ಬಾಗಿಲು ಹಾಕಿತು. ಪುಸ್ತಕದ ಚಿತ್ರಗಳು ಅಶ್ಲೀಲ, ಸಂಸ್ಕೃತಿಗೆ ಹೊಂದುವುದಿಲ್ಲ ಎಂಬುದು ಆಕ್ಷೇಪ. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ, ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯಲ್ಲಿ, ಮದುವೆಗೆ ಮುನ್ನ ಲೈಂಗಿಕತೆ ಅನೈತಿಕ ಎಂಬ ಸಂದೇಶವನ್ನೇ ಮಕ್ಕಳಿಗೆ ಕೊಡಬೇಕೆಂದು ಶಿಫಾರಸು ಮಾಡಿತು. ಚಿತ್ರಗಳ ಮೇಲಿನ ಆಕ್ಷೇಪದಲ್ಲಿ ಹುರುಳಿರಬಹುದು. ಆದರೆ ಕೊಕಟನೂರಿನ ಜಾತ್ರೆ, ನಿಪ್ಪಾಣಿಯ ಹೆದ್ದಾರಿ, ಹದಿನಾರರ ಮದುವೆ ಈ ಮೂರರ ನಡುವೆ ಬೆಳೆಯುವ ಮಗುವಿಗೆ ಸೋಂಕು ಹೇಗೆ ಬರುತ್ತದೆ, ಎಲ್ಲಿ ಪರೀಕ್ಷೆ ಮಾಡಿಸಬೇಕು ಎಂದು ತಿಳಿಸದೆ ‘ಬೇಡ’ ಎಂದಷ್ಟೇ ಹೇಳಿದರೆ ಪಾಠ ಅರ್ಧವಾಗುತ್ತದೆ. ಬ್ರಹ್ಮಚರ್ಯವನ್ನು ಬೋಧಿಸುವ ಶಾಸ್ತ್ರಗ್ರಂಥಗಳು ವ್ರತ ಎಲ್ಲೆಲ್ಲಿ ಮುರಿಯಬಹುದು ಎಂಬುದನ್ನು ಅತಿಚಾರಗಳೆಂದು ಒಂದೊಂದಾಗಿ ಹೆಸರಿಸುತ್ತವೆ. ಮುಚ್ಚಿಡುವ ಸಂಕೋಚ ಆಧುನಿಕ ಶಿಕ್ಷಣ ಇಲಾಖೆಗೆ ಬಂದದ್ದು, ಪ್ರಾಚೀನರಿಗೆ ಇರಲಿಲ್ಲ.

ಉತ್ತರ ಕರ್ನಾಟಕದಲ್ಲಿ ಸೋಂಕಿನ ಬೆನ್ನು ಮುರಿದದ್ದು ಬೇರೆ ಕೆಲಸ. 2003ರಿಂದ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ಮತ್ತು ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್ ಲೈಂಗಿಕ ಕಾರ್ಯಕರ್ತೆಯರ ಸಂಘಗಳನ್ನು ಕಟ್ಟಿ, ಕಾಂಡೋಮ್ ಮತ್ತು ಗುಪ್ತರೋಗ ಚಿಕಿತ್ಸೆಯನ್ನು ಮನೆಬಾಗಿಲಿಗೆ ಮುಟ್ಟಿಸಿದವು. ಆವಾಹನ್‌ನಿಂದ 2003-08ರ ಅವಧಿಯಲ್ಲಿ ಸುಮಾರು 1 ಲಕ್ಷ ಸೋಂಕು ತಪ್ಪಿತು ಎಂದು 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಅಂದಾಜು ಹೇಳುತ್ತದೆ. ಘಟಪ್ರಭೆಯಲ್ಲಿ 1997ರಲ್ಲಿ ಶುರುವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮಾಜಿ ದೇವದಾಸಿಯರೇ ನಡೆಸುವ ಸಂಘ. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡ ಕಬ್ಬೂರಿನ ಸೀತವ್ವ ಜೋಡಟ್ಟಿ ಅದರ ಮುಂದಾಳಾಗಿ 2018ರಲ್ಲಿ ಪದ್ಮಶ್ರೀ ಪಡೆದರು. ಮುತ್ತು ಕಟ್ಟುವುದನ್ನು ತಡೆದರೆ ಒಂದು ಹುಡುಗಿಗೆ ‘ಬೇಡ’ ಎನ್ನುವ ಹಕ್ಕು ಮೊದಲ ಸಲ ಸಿಗುತ್ತದೆ. ಸಂಯಮ ಶಿಕ್ಷಣ ಅಲ್ಲಿಂದಾಚೆಗಿನ ಮಾತು. 2019ರ ಅಂದಾಜಿನಂತೆ ಕರ್ನಾಟಕದ ವಯಸ್ಕರಲ್ಲಿ ಸೋಂಕು ಶೇ 0.47. ಇಳಿದಿದೆ ನಿಜ, ಆದರೂ ದೇಶದ ಆಗಿನ ಸರಾಸರಿ 0.22ರ ಎರಡು ಪಟ್ಟಿಗೂ ಹೆಚ್ಚು.

ಹಾಗೆಂದು ಮಠ, ಬಸದಿ, ಮಸೀದಿಗಳಿಗೆ ಇಲ್ಲಿ ಕೆಲಸವಿಲ್ಲ ಎನ್ನಲಾಗದು. ಸೆನೆಗಲ್‌ನಲ್ಲಿ ಇಮಾಮರು ಶುಕ್ರವಾರದ ಪ್ರವಚನಗಳಲ್ಲಿ ನಿಷ್ಠೆಯ ಮಾತಾಡುತ್ತಲೇ ಸರ್ಕಾರದ ಕಾಂಡೋಮ್ ಕಾರ್ಯಕ್ರಮಕ್ಕೆ ಅಡ್ಡ ಬರಲಿಲ್ಲ. ಅಲ್ಲಿ ಸೋಂಕು ಕೆಳಮಟ್ಟದಲ್ಲೇ ನಿಂತಿತು. ಚಿಕ್ಕೋಡಿ ಸೀಮೆಯಲ್ಲಿ ಚಾತುರ್ಮಾಸದ ಸಭೆಗೆ, ಮಠದ ಜಾತ್ರೆಗೆ ಸೇರುವಷ್ಟು ಗಂಡಸರು ಯಾವ ಆರೋಗ್ಯ ಶಿಬಿರಕ್ಕೂ ಬರುವುದಿಲ್ಲ. ಹೆದ್ದಾರಿಯ ಚಾಲಕ, ಗ್ಯಾಂಗಿನ ಮುಕಾದಮ, ಸಾಂಗಲಿಗೆ ಹೋಗಿ ಬರುವ ವ್ಯಾಪಾರಿಗೆ ಸಪ್ತವ್ಯಸನದ ಆ ಎರಡು ಮಾತುಗಳನ್ನು ನೇರವಾಗಿ ಹೇಳಬಲ್ಲವರು ಮುನಿಗಳು, ಸ್ವಾಮಿಗಳು. 1097 ಸಹಾಯವಾಣಿಯ ಸಂಖ್ಯೆಯನ್ನು ಅದೇ ಮಂಟಪದಲ್ಲಿ ಬರೆದು ಹಾಕಿದರೆ ಧರ್ಮಕ್ಕೇನೂ ಕುಂದಿಲ್ಲ.

ಸಂಯಮ ಬೋಧನೆಗೆ ಒಂದು ಅಡ್ಡಪರಿಣಾಮವೂ ಇದೆ. ಸೋಂಕು ಎಂದರೆ ಶೀಲಗೆಟ್ಟ ಗುರುತು ಎಂಬ ಅರ್ಥ ಕೇಳುಗರ ಮನಸ್ಸಿನಲ್ಲಿ ತಾನಾಗಿ ಹುಟ್ಟುತ್ತದೆ, ಅದರ ಭಾರವನ್ನು ಗಂಡನಿಂದ ಸೋಂಕು ಪಡೆದ ವಿಧವೆಯೂ ಅವಳ ಮಕ್ಕಳೂ ಹೊರುತ್ತಾರೆ. ಉಗಾಂಡದ ಆಂಗ್ಲಿಕನ್ ಪಾದ್ರಿ ಗಿಡಿಯನ್ ಬ್ಯಾಮುಗಿಶಾ 1992ರಲ್ಲಿ ತಮಗೆ ಎಚ್‌ಐವಿ ಇರುವುದನ್ನು ತಾವೇ ಹೇಳಿಕೊಂಡು, ಪೀಠದಲ್ಲಿದ್ದುಕೊಂಡೇ ಈ ಅರ್ಥವನ್ನು ಅಳಿಸಲು ಹೊರಟರು. ಭಾರತದಲ್ಲಿ ಇಂಥ ಪ್ರಯತ್ನಕ್ಕೆ ಕಾನೂನಿನ ಬಲವಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ಸೋಂಕಿತರಿಗೆ ಶಾಲೆ, ಉದ್ಯೋಗ, ಬಾಡಿಗೆ ಮನೆ, ಚಿಕಿತ್ಸೆಗಳಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ, 18ರೊಳಗಿನ ಮಕ್ಕಳಿಗೆ ಕುಟುಂಬದ ಮನೆಯಲ್ಲಿ ಉಳಿಯುವ ಹಕ್ಕು ಕೊಡುತ್ತದೆ. ಧರ್ಮಸಂಸ್ಥೆಗಳು ನಡೆಸುವ ಶಾಲೆಗಳಿಗೂ ವಸತಿನಿಲಯಗಳಿಗೂ ಈ ನಿಷೇಧ ಅನ್ವಯಿಸುತ್ತದೆ.